ಗವಿಷ್ಟಿ, ಆಯುಧ ಮತ್ತು ಅನ್ಯಗ್ರಹದ ಅತಿಥಿಗಳು

ಅನ್ಯಗ್ರಹ ಜೀವಿಗಳ ಭೇಟಿಯನ್ನು ಕುರಿತ ಚಲನಚಿತ್ರಗಳಲ್ಲಿ ನನಗಿರುವ ಆಸಕ್ತಿ ಸಹೋದ್ಯೋಗಿಗಳಿಗೆ ಇಂದಿಗೂ ಸೋಜಿಗದ ವಿಷಯ. ಶಾಸನ, ಛಂದಸ್ಸು, ಹಳಗನ್ನಡ ಕಾವ್ಯಗಳ ನಡುವೆ ಹಾರುವ ತಟ್ಟೆಗಳಿಗೇನು ಕೆಲಸ ಎಂದು ಅವರು ಕೇಳುವುದುಂಟು. ಈ ಪ್ರಕಾರದ ಉತ್ತಮ ಚಿತ್ರಗಳ ಕೇಂದ್ರದಲ್ಲಿರುವುದು ಓದಿನ ಸಮಸ್ಯೆಯೇ ಎಂಬುದು ನನ್ನ ಉತ್ತರ. ಎದುರಿಗಿರುವುದು ಏನನ್ನೋ ಹೇಳುತ್ತಿದೆ. ಹೇಳುತ್ತಿರುವುದು ಏನು, ಅದನ್ನು ನಾವು ಗ್ರಹಿಸಿದ್ದೇವೆಂದು ತಿಳಿಯುವುದು ಹೇಗೆ? ಪ್ರಾಚೀನ ಪಠ್ಯವೊಂದರ ಮುಂದೆ ಕುಳಿತವರಿಗೆ ಈ ಪ್ರಶ್ನೆ ಹೊಸದಲ್ಲ.

ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ (1977) ಚಿತ್ರದಲ್ಲಿ ಮೊದಲ ಸಂವಾದ ನಡೆಯುವುದು ಐದು ಸ್ವರಗಳ ಮೂಲಕ. ಭಾರತದಲ್ಲಿ ನಡೆಯುವ ದೃಶ್ಯವೊಂದರಲ್ಲಿ ಜನಸಮೂಹ ಆ ಸ್ವರಗಳನ್ನು ಹಾಡುತ್ತದೆ. ಇದು ಎಲ್ಲಿಂದ ಬಂತು ಎಂದು ಕೇಳಿದಾಗ ಸಾವಿರ ಬೆರಳುಗಳು ಒಮ್ಮೆಗೇ ಆಕಾಶವನ್ನು ತೋರುತ್ತವೆ. ಆ ಸ್ವರಗಳ ಅರ್ಥವನ್ನು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಅರ್ಥಕ್ಕಿಂತ ಮೊದಲು ನಾದವಿದೆ, ಪ್ರತಿನುಡಿಯುವ ಇಚ್ಛೆಯೇ ಸಂವಾದದ ಆರಂಭ ಎಂಬ ನಂಬಿಕೆ ಅದರದು. ಸುಂದರವಾದ ನಂಬಿಕೆ, ಆದರೆ ಅರ್ಥದ ಕಷ್ಟವನ್ನು ಅದು ಮುಂದಕ್ಕೆ ಹಾಕುತ್ತದೆ.

ಆ ಕಷ್ಟವನ್ನು ನೇರವಾಗಿ ಎದುರಿಸಿದ್ದು ಡೆನಿ ವಿಲ್ನವ್ ಅವರ ‘ಅರೈವಲ್’ (2016). ಟೆಡ್ ಚಿಯಾಂಗ್ ಅವರ 1998ರ ಕಥೆಯೊಂದನ್ನು ಆಧರಿಸಿದ ಈ ಚಿತ್ರದ ನಾಯಕಿ ಲೂಯಿಸ್ ಬ್ಯಾಂಕ್ಸ್ ಭಾಷಾವಿಜ್ಞಾನದ ಪ್ರಾಧ್ಯಾಪಕಿ. ಹನ್ನೆರಡು ನೌಕೆಗಳು ಭೂಮಿಯ ಬೇರೆಬೇರೆ ಕಡೆ ಬಂದು ನಿಂತಿವೆ. ಸೈನ್ಯಾಧಿಕಾರಿ ಅವಳ ಬದಲು ಮತ್ತೊಬ್ಬ ವಿದ್ವಾಂಸನನ್ನು ಕರೆದೊಯ್ಯಲು ಹೊರಟಾಗ, ಯುದ್ಧಕ್ಕೆ ಸಂಸ್ಕೃತದಲ್ಲಿ ಯಾವ ಪದವಿದೆ, ಅದರ ಅರ್ಥವೇನು ಎಂದು ಆತನನ್ನು ಕೇಳುವಂತೆ ಅವಳು ಸೂಚಿಸುತ್ತಾಳೆ. ಪದ ‘ಗವಿಷ್ಟಿ’. ಆ ವಿದ್ವಾಂಸ ಅದನ್ನು ‘ವಾಗ್ವಾದ’ ಎಂದು ಅರ್ಥೈಸಿರುತ್ತಾನೆ. ಲೂಯಿಸ್ ‘ಹೆಚ್ಚು ಹಸುಗಳು ಬೇಕೆಂಬ ಬಯಕೆ’ ಎನ್ನುತ್ತಾಳೆ. ಕೆಲಸ ಅವಳಿಗೆ ಸಿಗುತ್ತದೆ.

ಈ ಮಾತು ಕೇಳಿದೊಡನೆ ಕನ್ನಡ ಶಾಸನಗಳ ವಿದ್ಯಾರ್ಥಿಗೆ ವೀರಗಲ್ಲು ನೆನಪಾಗದಿರದು. ‘ತುರುಗೋಳ್’ ಎಂಬ ಪದವನ್ನು ತರಗತಿಯಲ್ಲಿ ವಿವರಿಸುವಾಗ, ದನಗಳಿಗಾಗಿ ಪ್ರಾಣ ಕೊಟ್ಟರೇ ಎಂದು ಯಾರಾದರೂ ನಗುತ್ತಾರೆ. ದನವೇ ಸಂಪತ್ತಾಗಿದ್ದ, ತುರುವನ್ನು ಮರಳಿ ತಂದು ಮಡಿದವನನ್ನು ಊರು ಕಲ್ಲಿನಲ್ಲಿ ನಿಲ್ಲಿಸುತ್ತಿದ್ದ ಲೋಕವನ್ನು ಕಾಣದೆ ಆ ಪದ ತೆರೆಯುವುದಿಲ್ಲ. ‘ಗವಿಷ್ಟಿ’ಗೆ ನಿಘಂಟು ‘ಯುದ್ಧ’ ಎಂಬ ಅರ್ಥವನ್ನೂ ಕೊಡಬಹುದು. ಯುದ್ಧದೊಳಗಿರುವ ಗೋವು ಅಲ್ಲಿ ಮರೆಯಾಗುತ್ತದೆ. ಕಳೆದ ಕೆಲವು ವರ್ಷಗಳಿಂದ ಶಾಸನ ಪತ್ರಿಕೆಯ ಮೊದಲ ತರಗತಿಯನ್ನು ನಾನು ಈ ದೃಶ್ಯದಿಂದಲೇ ಆರಂಭಿಸುತ್ತಿದ್ದೇನೆ. ನಗು ಬೇಗನೆ ನಿಲ್ಲುತ್ತದೆ.

ಚಿತ್ರದ ನಿಜವಾದ ಬಿಕ್ಕಟ್ಟು ಇನ್ನೊಂದು ಪದದಲ್ಲಿದೆ. ನೀವು ಭೂಮಿಗೆ ಬಂದ ಉದ್ದೇಶವೇನು ಎಂಬುದನ್ನು ಕೇಳಬೇಕು. ಈ ಒಂದು ವಾಕ್ಯದೊಳಗೆ ಎಷ್ಟು ಅಡಚಣೆಗಳಿವೆ ಎಂಬುದನ್ನು ಲೂಯಿಸ್ ಹಲಗೆಯ ಮೇಲೆ ಬರೆದು ಬಿಡಿಸುತ್ತಾಳೆ. ಪ್ರಶ್ನೆ ಎಂದರೇನೆಂಬುದು ಅವರಿಗೆ ತಿಳಿದಿರಬೇಕು. ‘ನೀವು’ ಎಂದರೆ ಎದುರಿಗಿರುವ ಒಬ್ಬರೋ ಅವರೆಲ್ಲರೋ ಸ್ಪಷ್ಟವಾಗಬೇಕು. ಗೌರವಕ್ಕೂ ಬಹುವಚನಕ್ಕೂ ಒಂದೇ ‘ನೀವು’ ಬಳಸುವ ನಮಗೆ ಈ ತೊಡಕು ಅಪರಿಚಿತವಲ್ಲ. ಕೊನೆಗೆ ಬಂದ ಉತ್ತರದಲ್ಲಿ ‘ಆಯುಧ’ ಎಂಬ ಅರ್ಥದ ಚಿಹ್ನೆಯಿರುತ್ತದೆ. ರಾಷ್ಟ್ರಗಳು ಬೆಚ್ಚುತ್ತವೆ, ಸೈನ್ಯಗಳು ಸಜ್ಜಾಗುತ್ತವೆ. ಅದು ಉಪಕರಣವೂ ಆಗಿರಬಹುದೆಂದು ಲೂಯಿಸ್ ಒಬ್ಬಳೇ ವಾದಿಸಬೇಕಾಗುತ್ತದೆ. ಕನ್ನಡಿಗ ಪ್ರೇಕ್ಷಕನಿಗೆ ಇದನ್ನು ವಾದಿಸಿ ಹೇಳಬೇಕಿಲ್ಲ. ಆಯುಧಪೂಜೆಯ ದಿನ ನಮ್ಮಲ್ಲಿ ಕತ್ತಿಗೂ ಕುಂಕುಮ, ಬಡಗಿಯ ಉಳಿಗೂ ಕುಂಕುಮ, ಬಸ್ಸಿಗೂ ಹೂಮಾಲೆ. ಕೊಲ್ಲುವುದನ್ನೂ ಕಟ್ಟುವುದನ್ನೂ ನಮ್ಮ ಪದವೊಂದು ಒಟ್ಟಿಗೆ ಹಿಡಿದಿದೆ. ಅನ್ಯಗ್ರಹದವರು ತಂದ ‘ಆಯುಧ’ ಅವರ ಭಾಷೆಯೇ ಆಗಿತ್ತು.

ಆದರೂ ‘ಅರೈವಲ್’ ಕೊಡುವ ಭರವಸೆಯನ್ನು ಪೂರ್ತಿಯಾಗಿ ಒಪ್ಪಲು ಆಂದ್ರೇ ತಾರ್ಕೊವ್‌ಸ್ಕಿ ಅವರ ‘ಸೋಲಾರಿಸ್’ (1972) ನನ್ನನ್ನು ಬಿಡುವುದಿಲ್ಲ. ಸ್ತಾನಿಸ್ವಾಫ್ ಲೆಮ್ ಅವರ 1961ರ ಕಾದಂಬರಿಯಿಂದ ಹುಟ್ಟಿದ ಈ ಚಿತ್ರದಲ್ಲಿ ಒಂದು ಗ್ರಹದ ಸಮುದ್ರವೇ ಚೇತನ. ದಶಕಗಳ ಕಾಲ ಅದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ ಅದರಿಂದ ಒಂದು ಪದವೂ ದಕ್ಕಿಲ್ಲ. ನಾಯಕ ಕೆಲ್ವಿನ್‌ಗೆ ಅದು ಮರಳಿಸುವುದು ಸತ್ತ ಹೆಂಡತಿಯ ರೂಪವನ್ನು. ಅದು ಕೊಡುಗೆಯೋ ಶಿಕ್ಷೆಯೋ ಬರಿಯ ಪ್ರತಿಬಿಂಬವೋ ಹೇಳಲಾಗದು. ಅನ್ಯವನ್ನು ಹುಡುಕಿ ಹೊರಟವನು ತನ್ನದೇ ದುಃಖವನ್ನು ಓದುತ್ತಾ ಉಳಿಯುತ್ತಾನೆ.

ಮೂರು ದಶಕಗಳ ಅಧ್ಯಯನದ ಬಳಿಕವೂ ಈ ಎರಡು ಚಿತ್ರಗಳ ನಡುವೆ ನನಗೆ ತೀರ್ಮಾನ ಸಾಧ್ಯವಾಗಿಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಿರುವ ಹೆಸರಿಲ್ಲದ ಮನುಷ್ಯನನ್ನು ನಾನು ತಲುಪಿದ್ದೇನೆಯೇ, ಅಥವಾ ಆ ಕಲ್ಲಿನಲ್ಲಿ ನನ್ನ ಕಾಲದ ಶೌರ್ಯಕಲ್ಪನೆಯನ್ನಷ್ಟೇ ಕಾಣುತ್ತಿದ್ದೇನೆಯೇ? ಸಂಶೋಧನೆಗೆ ಹೊರಟ ವಿದ್ಯಾರ್ಥಿಗಳಿಗೆ ನಾನು ಎರಡನ್ನೂ ನೋಡಲು ಹೇಳುತ್ತೇನೆ: ಮೊದಲು ‘ಅರೈವಲ್’, ಅದು ಓದುವ ಧೈರ್ಯ ಕೊಡುತ್ತದೆ, ಬಳಿಕ ‘ಸೋಲಾರಿಸ್’, ಪ್ರಬಂಧದ ಉಪಸಂಹಾರ ಬರೆಯುವ ಮುನ್ನ.