ಅಜ್ಜಿಯ ಮಾತ್ರೆ, ಮೊಮ್ಮಗನ ಆ್ಯಪ್

ಬೇಸಿಗೆಯಲ್ಲಿ ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ಬಂದಿಳಿಯುವ ನಮ್ಮ ಅಪ್ಪ-ಅಮ್ಮಂದಿರ ಸೂಟ್‌ಕೇಸಿನಲ್ಲಿ ಎರಡು ವಸ್ತುಗಳು ಇದ್ದೇ ಇರುತ್ತವೆ. ಒಂದು ಚಟ್ನಿಪುಡಿ, ಇನ್ನೊಂದು ಮಾತ್ರೆಗಳ ಚೀಲ. ಚಟ್ನಿಪುಡಿಯದೇನೂ ತಕರಾರಿಲ್ಲ, ಮಾತ್ರೆಗಳ ಕಥೆಯೇ ಬೇರೆ.

ನನ್ನ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಎಲ್ಲಕ್ಕೂ ಸೇರಿ ದಿನಕ್ಕೆ ಏಳು ಮಾತ್ರೆ. ಈ ಸಲ ಎಡಿಸನ್‌ನ ನಮ್ಮ ಮನೆಗೆ ಬಂದಾಗ, ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ನನ್ನ ಮಗರಾಯ "ಅಜ್ಜಿ, ನಿಂಗೆ ಒಂದು ಆ್ಯಪ್ ಮಾಡ್ಕೊಡ್ತೀನಿ" ಅಂದ. ಇಂಥವು ಈಗಾಗಲೇ ಬೇಕಾದಷ್ಟಿವೆ. ಐಫೋನಿನಲ್ಲೇ 2022ರಿಂದ ಮಾತ್ರೆ ನೆನಪಿಸುವ ಸೌಲಭ್ಯವಿದೆ. ಹುಡುಗನ ಉತ್ಸಾಹಕ್ಕೆ ತಣ್ಣೀರೆರಚುವುದೇಕೆಂದು ಸುಮ್ಮನಿದ್ದೆ.

ಅಡುಗೆಮನೆಯ ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು ಪ್ಲಾನಿಂಗ್ ಶುರುವಾಯಿತು. "ಎಷ್ಟು ಗಂಟೆಗೆ ತಗೋತೀಯಾ ಅಜ್ಜಿ?"

"ಗಂಟೆ ಯಾರು ನೋಡ್ತಾರೋ ಪುಟ್ಟಾ? ಇದು ತಿಂಡಿ ಹೊತ್ತಿಗೆ, ಇದು ರಾತ್ರಿ ಊಟ ಆದ್ಮೇಲೆ."

ಡಾಕ್ಟರ ಚೀಟಿಯಲ್ಲೂ ಗಂಟೆಯಿಲ್ಲ, 1-0-1 ಎಂದಿದೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಮ್ಮ ಕಂಪ್ಯೂಟರ್ ಪಂಡಿತ, "ಬೈನರಿಯಲ್ಲಿ ಅದು ಐದಲ್ವಾ?" ಎಂದ. ಸದ್ಯ, ಕೇಳಿದ!

ಸರಿ, ಗಂಟೆಯ ಬದಲು ಊಟವನ್ನೇ ಹಿಡಿದು ಲೆಕ್ಕ ಹಾಕೋಣವೆಂದಾಯಿತು. ಆಗ ಅಮ್ಮ ಮೆಲ್ಲಗೆ, "ಏಕಾದಶಿ ದಿನ?" ಎಂದರು. ಅಂದು ಅವರು ನಿರಾಹಾರ. ಮಾತ್ರೆಗಳಲ್ಲೊಂದು ಗ್ಲಿಮೆಪಿರೈಡ್. ಊಟವಿಲ್ಲದೆ ಅದನ್ನು ನುಂಗಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. "ಇಷ್ಟು ವರ್ಷ ಏನ್ಮಾಡ್ತಿದ್ದೆ ಅಮ್ಮಾ?" ಎಂದೆ. "ಮಾತ್ರೆ ತಗೊಂಡು ಮಲಗಿರ್ತಿದ್ದೆ. ಉಪವಾಸಕ್ಕೆ ಸುಸ್ತು ಅಂದ್ಕೊಂಡಿದ್ದೆ."

ಅಂದು ರಾತ್ರಿಯೇ ಊರಿನ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಏಕಾದಶಿಗೆ ಬೇರೆಯೇ ಕ್ರಮ ಬರೆದು ಕಳಿಸಿದರು. ಹೊತ್ತು ಹೊತ್ತಿಗೆ 'ನುಂಗಿ' ಎಂದು ಗಂಟೆ ಬಾರಿಸಿದರೆ ಸಾಲದು, "ತಿಂಡಿ ಆಯಿತೇ?" ಎಂದು ಮೊದಲು ಕೇಳಬೇಕು, ಇಲ್ಲವೆಂದರೆ ನನಗೆ ಸುದ್ದಿ ಮುಟ್ಟಿಸಬೇಕು ಎಂದು ಮಗ ಕಾಗದದಲ್ಲಿ ಬರೆದುಕೊಂಡ.

ಹೆಸರುಗಳದು ಇನ್ನೊಂದು ಗೋಜಲು. ಅಮ್ಮನ ಚೀಲದಲ್ಲಿ ಡೋಲೋ 650, ನಮ್ಮ ಅಲಮಾರಿನಲ್ಲಿ ಟೈಲೆನಾಲ್. ಒಂದರ ಮೇಲೆ ಪ್ಯಾರಸಿಟಮಾಲ್ ಎಂದಿದ್ದರೆ ಇನ್ನೊಂದರ ಮೇಲೆ ಅಸಿಟಮಿನೊಫೆನ್. ಎರಡೂ ಒಂದೇ ಔಷಧ! ಮಂಡಿಗೆ ಅದು, ಜ್ವರಕ್ಕೆ ಇದು ಎಂದು ಎರಡನ್ನೂ ನುಂಗುತ್ತಾ ಹೋದರೆ, ಅಳತೆ ಮೀರಿ ಲಿವರ್ ಕೆಡುತ್ತದೆ. ಆದ್ದರಿಂದ ಆ್ಯಪ್ ಕಂಪನಿಯ ಹೆಸರಿಗಿಂತ ಒಳಗಿನ ಔಷಧವನ್ನು ಗುರುತಿಸಬೇಕು.

ಆ್ಯಪ್ ಇನ್ನೂ ಕಾಗದದ ಮೇಲೇ ಇದೆ. ದಪ್ಪಕ್ಷರ ಇರಬೇಕು, ಕನ್ನಡದಲ್ಲಿರಬೇಕು ಎಂಬುದು ಅಮ್ಮನ ಷರತ್ತು. ಸದ್ಯಕ್ಕೆ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇವೆ; ಏಕಾದಶಿಗಳಿಗೆ ಕೆಂಪು ಶಾಯಿ. ಈ ಕೆಲಸ ಬಲ್ಲ ಮಿತ್ರರಿದ್ದರೆ ಹುಡುಗನಿಗೆ ಕೈಜೋಡಿಸಿ. ಕಾಫಿ-ತಿಂಡಿ ನಮ್ಮದು.