ಹೊರನಾಡಿನಲ್ಲೊಂದು ವಿಳಾಸ

‘ವಿಲಾಸ’ವೆಂಬ ಸಂಸ್ಕೃತ ಶಬ್ದಕ್ಕೆ ಲೀಲೆ, ಬೆಡಗು, ಶೃಂಗಾರಚೇಷ್ಟೆ ಎಂಬ ಅರ್ಥಗಳುಂಟು. ಕಾವ್ಯಾಭ್ಯಾಸಿಗಳು ಬಲ್ಲ ಆ ಶಬ್ದವೇ ಕನ್ನಡದಲ್ಲಿ ‘ವಿಳಾಸ’ವಾಗಿ, ಅಂಚೆಯ ಲಕೋಟೆಯ ಮೇಲೆ ಬಂದು ಕುಳಿತು, ಮನುಷ್ಯನ ವಾಸಸ್ಥಾನವನ್ನು ಸೂಚಿಸತೊಡಗಿತು. ತಮಿಳು, ಮಲೆಯಾಳಗಳಲ್ಲಿಯೂ ಅದು ಈ ಅರ್ಥದಲ್ಲಿ ಸಲ್ಲುತ್ತದೆ. ಬೆಡಗಿನ ಮಾತು ಬಾಗಿಲ ಸಂಖ್ಯೆಗೆ ಇಳಿದ ಬಗೆಯನ್ನು ನಿಘಂಟುಕಾರರು ವಿಚಾರಿಸಲಿ. ಹೊರನಾಡಿಗೆ ಹೋದವನ ಪಾಲಿಗಂತೂ ವಿಳಾಸವಿಲ್ಲದೆ ಬೇರೆ ವಿಲಾಸವಿಲ್ಲ.

ಕನ್ನಂಬಾಡಿ ಕಟ್ಟೆಗೆ ಸಮೀಪದ ಬೆಳಗೊಳದಲ್ಲಿ ಬೆಳೆದ ತರುಣನೊಬ್ಬನಿಗೆ ಊರಿನಲ್ಲಿದ್ದಷ್ಟು ಕಾಲ ಮನೆಯ ಸಂಖ್ಯೆಯನ್ನು ನೆನಪಿಡುವ ಪ್ರಸಂಗವೇ ಬಂದಿರಲಿಲ್ಲ. ತಂದೆಯ ಹೆಸರನ್ನು ಬರೆದರೆ ಸಾಕು, ಅಂಚೆಯವನು ಕಾಗದವನ್ನು ಜಗಲಿಗೇ ತಂದುಕೊಡುತ್ತಿದ್ದ. ಅಂಥವನು ಉದ್ಯೋಗನಿಮಿತ್ತ ಜರ್ಮನಿ ದೇಶದ ಮ್ಯೂನಿಕ್ ನಗರವನ್ನು ಸೇರಿದಾಗ, ಮನೆಯೆಂದರೆ ಮೊದಲು ಕಾಗದ, ಅನಂತರ ಗೋಡೆ ಮಾಡು ಎಂಬುದು ತಿಳಿದುಬಂದಿತು.

ಆ ದೇಶದಲ್ಲಿ 2015ನೆಯ ನವೆಂಬರ್ 1ರಿಂದ ಜಾರಿಯಲ್ಲಿರುವ ನೋಂದಣಿ ಶಾಸನದ ಪ್ರಕಾರ, ಮನೆ ಹೊಕ್ಕವನು ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ತನ್ನ ವಿಳಾಸವನ್ನು ಬರೆಸತಕ್ಕದ್ದು; ತಪ್ಪಿದರೆ ಸಾವಿರ ಯೂರೋವರೆಗೆ ದಂಡ. ಈ ಕಟ್ಟಳೆ ಪರದೇಶಿಯರಿಗೆ ಮಾತ್ರವಲ್ಲ, ಅಲ್ಲಿಯ ಪ್ರಜೆಗಳಿಗೂ ಉಂಟು. ಬಾಡಿಗೆಯ ಕರಾರುಪತ್ರವೊಂದೇ ಸಾಲದು. ‘ಇವನು ಇಂಥ ದಿನ ಈ ಮನೆಗೆ ಬಂದನು’ ಎಂದು ಮನೆ ಕೊಟ್ಟವನು ಪ್ರತ್ಯೇಕವಾಗಿ ದೃಢೀಕರಿಸಬೇಕು. ನೋಂದಣಿಯಾದ ವಿಳಾಸಕ್ಕೇ ತೆರಿಗೆಯ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆಯಿಲ್ಲದವನ ವೇತನದಲ್ಲಿ ಹೆಚ್ಚಿನ ದರದ ತೆರಿಗೆಯನ್ನು ಮುರಿದುಕೊಳ್ಳುವರು. ವಾಸದ ಪರವಾನಗಿಗೂ ಇದೇ ಬುನಾದಿ.

ಮನೆಗಳ ಅಭಾವವಿರುವ ಆ ನಗರದಲ್ಲಿ ತರುಣನಿಗೆ ಮೊದಲು ದೊರೆತುದು ಬಾಡಿಗೆದಾರನೊಬ್ಬನು ಒಳಬಾಡಿಗೆಗೆ ಕೊಟ್ಟ ಒಂದು ಮೂಲೆ. ‘ಇರು, ಆದರೆ ಕಾಗದ ಕೇಳಬೇಡ’ ಎಂಬುದು ಆತನ ಷರತ್ತು. ಅತ್ತ ತಾಯಿ ದೂರವಾಣಿಯಲ್ಲಿ ಕೇಳಿದಳು: “ಮನೆ ಸಿಕ್ತಾ ಮಗ?” “ಮನೆ ಸಿಕ್ತು ಕಣವ್ವ, ಕಾಗದ ಸಿಕ್ಲಿಲ್ಲ.” “ಅದ್ಯಾವ ಕಾಗದವೋ! ಒಲೆ ಹಚ್ಚಿದೀಯಾ, ಅದ ಹೇಳು.” ಹಣ ತೆತ್ತರೆ ವಾಸವಿಲ್ಲದ ಮನೆಯ ದೃಢೀಕರಣವನ್ನು ಬರೆದುಕೊಡುವವರೂ ಇದ್ದರು. ಅಂಥ ಸುಳ್ಳು ವಿಳಾಸವನ್ನು ಒದಗಿಸಿದವರಿಗೆ ಐವತ್ತು ಸಾವಿರ ಯೂರೋವರೆಗೆ ದಂಡವುಂಟು. ತರುಣನು ಆ ದಾರಿಯನ್ನು ಹಿಡಿಯಲಿಲ್ಲ. ಎರಡು ವಾರದ ಗಡುವು ಮೀರಿತು. ದಂಡದ ಭಯ ನಿದ್ದೆಯನ್ನು ಕೆಡಿಸಿತು. ಕಡೆಗೆ ನಗರದಂಚಿನ ವೃದ್ಧೆಯೊಬ್ಬಳು ಮಹಡಿಯ ಕೋಣೆಯನ್ನು ಕೊಟ್ಟು, ಕೇಳುವ ಮುನ್ನವೇ ದೃಢೀಕರಣಕ್ಕೆ ಸಹಿ ಹಾಕಿದಳು.

ಇದನ್ನು ಕೇಳಿ ‘ಪರದೇಶದವರ ಕಾಟ’ ಎಂದು ಮೂಗುಮುರಿಯುವವರು ಪಿರಿಯಾಪಟ್ಟಣದ ಕಡೆಗೊಮ್ಮೆ ನೋಡಬೇಕು. ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ಕಾಡು ಕಡಿದು, ಜೋಳ ಬಿತ್ತಿ, ವಿಹಾರಗಳನ್ನು ಕಟ್ಟಿದರು. ಅವರ ಮಕ್ಕಳು ಕನ್ನಡದಲ್ಲಿ ವ್ಯಾಪಾರ ಮಾಡಬಲ್ಲರು. ಆದರೂ 1939ರ ವಿದೇಶೀಯರ ನೋಂದಣಿ ಕಾಯಿದೆಯ ಅನ್ವಯ ನೋಂದಣಿ ಪತ್ರವನ್ನು ಪಡೆದು, ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳುತ್ತ ಬಂದವರು ಅವರು. 2025ರಲ್ಲಿ ಆ ಕಾಯಿದೆಯ ಸ್ಥಾನಕ್ಕೆ ಹೊಸ ಶಾಸನ ಬಂದಿದೆ. ಬೆಳಗೊಳದವನಿಗೆ ಕಾಗದವಿಲ್ಲದೆ ಕಳೆದುದು ಕೆಲವು ವಾರ, ಹಿಂದಿರುಗಿದರೆ ಊರಿದೆ. ಇವರಲ್ಲಿ ಹಲವರ ಆಯುಷ್ಯವೇ ಆ ಪತ್ರದ ಮೇಲೆ ಸವೆದಿದೆ.

ಮ್ಯೂನಿಕ್ಕಿನ ಕಚೇರಿಯಲ್ಲಿ ಅರ್ಜಿಯನ್ನು ತುಂಬುವಾಗ ಮತದ ಪ್ರಶ್ನೆಯೂ ಬಂದಿತು. ಅಲ್ಲಿ ಕ್ರೈಸ್ತ ಸಭೆಗಳಿಗೆ ಸಲ್ಲುವ ತೆರಿಗೆಯನ್ನು ಸರ್ಕಾರವೇ ವಸೂಲು ಮಾಡುತ್ತದೆ. ಬವೇರಿಯಾ ಪ್ರಾಂತದಲ್ಲಿ ಅದು ಆದಾಯ ತೆರಿಗೆಯ ಶೇಕಡ 8ರಷ್ಟು. ಮನೆಮನೆಗೆ ಹೋಗಿ ವಂತಿಗೆ ಎತ್ತುವ ನಮ್ಮ ಧರ್ಮದರ್ಶಿಗಳು ಇದನ್ನು ಕೇಳಿ ನಿಟ್ಟುಸಿರುಬಿಟ್ಟಾರು. ತರುಣನು ಆ ಸಭೆಗಳಿಗೆ ಸೇರಿದವನಲ್ಲವಾದ್ದರಿಂದ ಆ ಅಂಕಣ ಖಾಲಿಯಾಗಿಯೇ ಉಳಿಯಿತು.

ಹೆಸರಿನ ಅಂಕಣವೇ ಸ್ವಾರಸ್ಯವಾದುದು. ನಮ್ಮಲ್ಲಿ ಊರಿನ ಹೆಸರು ವ್ಯಕ್ತಿಯ ಹೆಸರಿನ ತಲೆಬಾಗಿಲಲ್ಲಿ ನಿಲ್ಲುತ್ತದೆ. ಮಹಾಕವಿ ಕುವೆಂಪು ಅವರ ಮೊದಲಕ್ಷರ ಕುಪ್ಪಳಿಯದು. ಕನ್ನಂಬಾಡಿ ಕಟ್ಟೆಗೆ ಕಾರಣಪುರುಷರಾದ ವಿಶ್ವೇಶ್ವರಯ್ಯನವರು ಹುಟ್ಟಿದುದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದೆ ಉಳಿದುದು ಪೂರ್ವಿಕರು ಬಿಟ್ಟುಬಂದ ಆಂಧ್ರದ ಮೋಕ್ಷಗುಂಡಂ. ರಹದಾರಿ ಪತ್ರದಲ್ಲಿ ಬರಿಯ ಅಕ್ಷರಗಳಿಗೆ ಅವಕಾಶವಿಲ್ಲ, ಬಿಡಿಸಿ ಬರೆಯಬೇಕು. ಹೀಗೆ ಬಿಡಿಸಿದಾಗ ತರುಣನ ‘ಬಿ’ಯು ‘ಬೆಳಗೊಳ’ವಾಗಿ ಕುಲನಾಮದ ಸ್ಥಾನಕ್ಕೇರಿತ್ತು. ಕಚೇರಿಯ ಹೆಂಗಸು “ಹೆರ್ ಬೆಳಗೊಳ” ಎಂದು ಗೌರವದಿಂದ ಕೂಗಿದಾಗ, ಆತನು ಊರನ್ನೇ ಯಾರೋ ಕರೆದರೆಂಬಂತೆ ಹಿಂದಿರುಗಿ ನೋಡಿದನಂತೆ.

ಅಲ್ಲಿಯ ವಠಾರಗಳಲ್ಲಿ ಸಾಮಾನ್ಯವಾಗಿ ಮನೆಮನೆಗೆ ಸಂಖ್ಯೆಯಿರುವುದಿಲ್ಲ. ಅಂಚೆಪೆಟ್ಟಿಗೆಯ ಮೇಲೆ ಹೆಸರಿದ್ದರೆ ಕಾಗದ ಬೀಳುತ್ತದೆ. ಇಲ್ಲದಿದ್ದರೆ ಬಂದ ದಾರಿಗೆ ಮರಳುತ್ತದೆ. ವೃದ್ಧೆಯು ತನ್ನ ಹೆಸರಿನ ಕೆಳಗೆ ಒಂದು ಚೀಟಿಯನ್ನು ಅಂಟಿಸಿ, ಆತನನ್ನು ಕೇಳಿ ಕೇಳಿ, ರೋಮನ್ ಲಿಪಿಯಲ್ಲಿ ‘ಬೆಳಗೊಳ’ ಎಂದು ಬರೆದಳು. ಕೆಲವು ವಾರಗಳ ಅನಂತರ ತೆರಿಗೆಯ ಸಂಖ್ಯೆಯನ್ನು ಹೊತ್ತ ಲಕೋಟೆ ಆ ಪೆಟ್ಟಿಗೆಗೆ ಬಂದು ಬಿದ್ದಿತು.