ಎತ್ತಿದ್ದನ್ನು ಇಳಿಸುವ ವಿದ್ಯೆ

ಮಕ್ಕಳಿಗೆ ಬುದ್ಧಿ ಹೇಳುವ ಅಧಿಕಾರ ತಂದೆತಾಯಿಯ ಕೈತಪ್ಪುವ ದಿನವನ್ನು ಯಾರೂ ಡೈರಿಯಲ್ಲಿ ಬರೆದಿಡುವುದಿಲ್ಲ. ನೌಕರಿಯ ನಿವೃತ್ತಿಗಾದರೂ ಒಂದು ಹಾರ, ಒಂದು ಗೋಡೆ ಗಡಿಯಾರ, ನಾಲ್ಕು ಭಾಷಣ ಉಂಟು. ಈ ನಿವೃತ್ತಿಗೆ ಅದೂ ಇಲ್ಲ. "ಮೋಡ ಆಗಿದೆ, ಕೊಡೆ ತೆಗೆದುಕೋ" ಎಂದು ನಾವು ಕೂಗುತ್ತಿದ್ದ ಬಾಗಿಲಿನಿಂದಲೇ ಒಂದು ದಿನ "ಅಪ್ಪ, ಬಿಪಿ ಮಾತ್ರೆ ನುಂಗಿದಿರಾ?" ಎಂಬ ಪ್ರಶ್ನೆ ಒಳಗೆ ಬರುತ್ತದೆ. ಅಲ್ಲಿಂದ ಮುಂದೆ ಗಾಳಿ ತಿರುಗಿ ಬೀಸುತ್ತದೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಒದ್ದೆ ಮೆಟ್ಟಿಲಲ್ಲಿ ಓಡಾಡಬೇಡಿ, ಉಪ್ಪಿನಕಾಯಿ ಕಡಿಮೆ ಮಾಡಿ, ಓಟಿಪಿಯನ್ನು ಯಾರಿಗೂ ಹೇಳಬೇಡಿ. ನಲವತ್ತು ಎಕರೆ ತೋಟದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ ಈಗ ನಾಲ್ಕಂಕಿಯ ಗುಟ್ಟು ಕಾಯಲು ಯೋಗ್ಯನೋ ಅಲ್ಲವೋ ಎಂದು ಪರೀಕ್ಷೆಗೆ ಒಳಗಾಗುತ್ತಾನೆ.

ನನ್ನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಅದಕ್ಕೆ ಸಂಬಳವನ್ನೂ ಕೊಡುತ್ತಾರಂತೆ. ಅವಳ ತಾಯಿ ಅದೇ ಕೆಲಸವನ್ನು ಮದುವೆಯಾದಂದಿನಿಂದ ಪುಕ್ಕಟೆ ಮಾಡುತ್ತಿದ್ದಾಳೆ. ಇಬ್ಬರ ನಡುವೆ ನನಗೆ ಉಪದೇಶ ಕೊಡಲು ಉಳಿದಿದ್ದ ಒಂದೇ ವಿಷಯ ಕೋವಿ.

ನಾವು ಕೊಡಗಿನವರು. ನಮ್ಮಲ್ಲಿ ಕೋವಿ ಎಂದರೆ ಆಯುಧಕ್ಕಿಂತ ಹೆಚ್ಚಾಗಿ ಮನೆಯ ಹಿರಿಯ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಉಳ್ಳವರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಸಿಕ್ಕ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸರ್ಕಾರದಿಂದ ವಿನಾಯಿತಿ ಪಡೆದ ಕೋವಿಗೆ ಈಗ ಕೆಲಸವೇನೂ ಹೆಚ್ಚಿಲ್ಲ. ಅಜ್ಜನ ಕಾಲದಲ್ಲಿ ಅದು ಕಾಡಿಗೆ ಹೋಗಿ ಬರುತ್ತಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಪಾಲಿಗೆ ಉಳಿದದ್ದು ಹಬ್ಬ, ಹುಟ್ಟು, ಸಾವು ಮತ್ತು ತೆಂಗಿನಕಾಯಿ.

ನಾಟಿ ಮುಗಿದು ಗದ್ದೆಯ ಕೆಸರು ಕಾಲಿನಿಂದ ಬಿಡುವ ಹೊತ್ತಿಗೆ, ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ, ನಮ್ಮ ಆಯುಧಗಳ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಅಂದು ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ದೀಪದ ಮುಂದಿಟ್ಟು, ಚಂದನ ಹಚ್ಚಿ, ನಳಿಗೆಗೆ ತೋಕ್‌ಪೂವು ಸಿಕ್ಕಿಸುತ್ತೇವೆ. ಆ ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿಯಾಗಿ ಅರಳುವ ಹೂವು ಅದು. ಗುಂಡು ಹೊರಡಬೇಕಾದ ಬಾಯಿಗೆ ಹೂವಿಟ್ಟ ಹಿರಿಯರು ನಿಜಕ್ಕೂ ದೊಡ್ಡವರು. ಪೂಜೆ, ಕಡಂಬುಟ್ಟು ಪಂದಿಕರಿಯ ಊಟ ಮುಗಿದ ಮೇಲೆ ಊರಿನ ಬಯಲಿಗೆ ಹೊರಡುವುದು. ಅಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿರುತ್ತಾರೆ. ಯಾರ ಈಡಿಗೆ ಕಾಯಿ ಒಡೆಯುತ್ತದೋ ಅವರದೇ ಆ ದಿನ.

ಮಗಳು ಕಾಲೇಜಿಗೆ ಹೋಗುವವರೆಗೂ ಅಲ್ಲಿ ನಾನೇ ಗುರು. ಹೆಗಲಿಗೆ ಬಿಗಿಯಾಗಿ ಒತ್ತು, ಕೆನ್ನೆ ಅಂಟಿಸು, ನಳಿಗೆ ಜನರ ಕಡೆ ತಿರುಗಿಸಬೇಡ, ಹೊಡೆಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ಅವಳು ತುಟಿ ಬಿಚ್ಚದೆ ಕೇಳುತ್ತಿದ್ದಳು. ವರ್ಷವಿಡೀ ಬಾರದ ಆ ವಿಧೇಯತೆಗಾಗಿಯೇ ನಾನು ಹಬ್ಬ ಕಾಯುತ್ತಿದ್ದೆ.

ಆಮೇಲೆ ಬೆಂಗಳೂರು ಅಡ್ಡ ಬಂತು. ಕೆಲಸದ ಬೇಸರ ಕಳೆಯಲು ಅವಳು ಏರ್‌ರೈಫಲ್ ಕಲಿಯಲು ಸೇರಿದಳು. ಸಂಜೆ ಆರರ ನಂತರ, ಹವಾನಿಯಂತ್ರಿತ ಕೋಣೆಯಲ್ಲಿ, ಹತ್ತು ಮೀಟರ್ ದೂರದ ಕಾಗದಕ್ಕೆ ಹೊಡೆಯುವ ವಿದ್ಯೆ! ಕೇಳಿ ನನಗೆ ನಗು ಬಂತು. ಹತ್ತು ಮೀಟರ್ ಎಂದರೆ ನಮ್ಮ ಅಂಗಳದಿಂದ ಕೊಟ್ಟಿಗೆಯವರೆಗೆ. ಅಷ್ಟು ದೂರಕ್ಕೆ ಕಲ್ಲು ಸಾಲದೇ?

ಅವಳು ವಾದಿಸಲಿಲ್ಲ. ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಹೋಗಿದ್ದಾಗ, ಡಾಕ್ಟರು ಓಡಾಡಬಹುದು ಎಂದ ಮೇಲೆ, ನನ್ನನ್ನೂ ಆ ರೇಂಜ್‌ಗೆ ಕರೆದುಕೊಂಡು ಹೋದಳು. ಅವಳು ತೊಟ್ಟ ಜಾಕೆಟ್ಟನ್ನು ನೋಡಿದರೆ ಹಳೆಯ ಚಾಪೆಯೊಂದನ್ನು ಮೈಗೆ ಹೊಲಿದಂತಿತ್ತು. ಪ್ಯಾಂಟೂ ಅಷ್ಟೇ ಬಿರುಸು. ಬೂಟು ಹಾಕಿದ ಮೇಲೆ ಮೊಣಕಾಲು ಮಡಿಸದೆ ನಡೆದು ಬಂದಳು. "ಹುಷಾರಿಲ್ಲವಾ?" ಎಂದೆ. "ಶೂಟರುಗಳೆಲ್ಲ ಹೀಗೇ ನಡೆಯೋದು ಅಪ್ಪ" ಎಂದಳು. ಬೆನ್ನಿಗೆ ಆಸರೆಯಾಗಲೆಂದೇ ಆ ಬಿರುಸು.

ಗುರಿಯ ಹಲಗೆ ನೋಡಿದಾಗ ನಗು ನಿಂತಿತು. ಹತ್ತು ಅಂಕದ ಜಾಗ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಹೊಡೆಯುವ ಗುಂಡು ನಾಲ್ಕೂವರೆ ಮಿಲಿಮೀಟರ್. ಗುರಿಗಿಂತ ಗುಂಡೇ ಒಂಬತ್ತು ಪಟ್ಟು ದಪ್ಪ! ಇದು ಸಾಲದೆಂದು ಹತ್ತರೊಳಗೂ ದಶಾಂಶ: 10.1, 10.2, ಹೀಗೆ ಏರಿ 10.9 ಎಂದರೆ ಪರಿಪೂರ್ಣ. ಕಣ್ಣಿಗೆ ಕಾಣದಷ್ಟು ತಪ್ಪನ್ನೂ ಪರದೆಯ ಮೇಲೆ ಅಂಕಿಯಲ್ಲಿ ಬರೆದು ತೋರಿಸುವ ಯಂತ್ರ. ತಪ್ಪು ಹುಡುಕುವ ನನ್ನ ಮಗಳಿಗೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿಲ್ಲ. ನಮ್ಮ ತೆಂಗಿನಕಾಯಿಗೆ ದಶಾಂಶ ಗೊತ್ತಿಲ್ಲ. ಅದು ಒಡೆಯುತ್ತದೆ, ಇಲ್ಲವೇ ಸುಮ್ಮನೆ ತೂಗುತ್ತದೆ.

ರೈಫಲ್ ನನ್ನ ಕೈಗೆ ಬಂತು. ಪಾಠ ಶುರುವಾಯಿತು. ಕಾಲು ಅಷ್ಟು ಅಗಲ ಬೇಡ ಅಪ್ಪ. ತಲೆಯನ್ನು ಕೋವಿಯ ಹತ್ತಿರ ಒಯ್ಯಬೇಡಿ, ಕೋವಿಯನ್ನು ತಲೆಯ ಹತ್ತಿರ ತನ್ನಿ. ಗುರಿಯನ್ನು ನೋಡಬೇಡಿ, ಮುಂದಿನ ರಿಂಗ್ ನೋಡಿ. ಗುರಿ ಮಬ್ಬಾದರೂ ಪರವಾಗಿಲ್ಲ. ಗುರಿಯನ್ನೇ ನೋಡಬಾರದು ಎನ್ನುವ ಗುರುವನ್ನು ನಾನು ಕಂಡದ್ದು ಅದೇ ಮೊದಲು. ಅವಳು ಕಾರಣವನ್ನೂ ಹೇಳಿದಳು. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣುತ್ತದೆ. ಚಿಕ್ಕವರ ಕಣ್ಣು ಹತ್ತಿರಕ್ಕೂ ದೂರಕ್ಕೂ ಚಕಚಕನೆ ಓಡಾಡುತ್ತದೆ. ವಯಸ್ಸಾದವರ ಕಣ್ಣಿನ ಮಸೂರಕ್ಕೆ ಆ ಚುರುಕು ಇರುವುದಿಲ್ಲ. ನನಗೆ ಈಗ ದೂರದ ಮರ, ಅದರ ತುದಿ, ಐವತ್ತು ವರ್ಷ ಹಿಂದಿನ ಬೇಟೆ ಎಲ್ಲ ನಿಚ್ಚಳ. ಕೈಯಲ್ಲಿ ಹಿಡಿದ ಕೋವಿಯ ತುದಿ ಮಾತ್ರ ಮಂಜು.

ಆದರೆ ಅಂದಿನ ದೊಡ್ಡ ಪಾಠ ಬೇರೆ. ನಾನು ರೈಫಲ್ ಎತ್ತಿ, ಉಸಿರು ಅರ್ಧ ಬಿಟ್ಟು, ಹಿಡಿದು ನಿಂತೆ. ತುದಿ ಅಲುಗಿತು. ಇನ್ನೂ ಹಿಡಿದೆ. ಕಣ್ಣು ಕತ್ತಲೆಗಟ್ಟಿತು. ಹಟಕ್ಕೆ ಹಿಡಿದೇ ಇದ್ದೆ. ಪಕ್ಕದಿಂದ ಮಗಳು ಮೆಲ್ಲಗೆ ಹೇಳಿದಳು: "ಇಳಿಸಿ ಅಪ್ಪ."

"ಎತ್ತಿದ ಮೇಲೆ ಇಳಿಸೋದಾ?"

"ಹೌದು. ಕೆಲವು ಸೆಕೆಂಡಿನೊಳಗೆ ಹೊಡೆಯದಿದ್ದರೆ ಇಳಿಸಬೇಕು. ಉಸಿರು ತೆಗೆದುಕೊಳ್ಳಿ. ಮತ್ತೆ ಎತ್ತಿ. ಇಳಿಸಿದ್ದಕ್ಕೆ ಯಾರೂ ಅಂಕ ಕಳೆಯಲ್ಲ."

ಊರಿನ ಬಯಲಲ್ಲಿ ಕೋವಿ ಎತ್ತಿ, ಹೊಡೆಯದೆ ಇಳಿಸಿದವನ ಪಾಡು ನನಗೆ ಗೊತ್ತು. ನೆಂಟರು ಮುಂದಿನ ಕೈಲ್‌ಪೊಳ್ದಿನವರೆಗೂ ನೆನಪಿಟ್ಟು ಕೇಳುತ್ತಾರೆ. ಹಾಗಾಗಿ ನಮ್ಮ ತಲೆಮಾರಿನವರು ಎತ್ತಿದ್ದನ್ನೆಲ್ಲ ಹೊಡೆದೇ ತೀರಿದೆವು, ಕೋವಿಯನ್ನೂ, ಮಾತನ್ನೂ. ಇಳಿಸಿದರೆ ಸೋಲಲ್ಲ ಎಂದು ಹೇಳಿಕೊಡಲು ಮಗಳೇ ಬರಬೇಕಾಯಿತು, ಅದೂ ಗಂಟೆಗೆ ಬಾಡಿಗೆ ತೆತ್ತು.

ಬೆಳೆದ ಮಕ್ಕಳಿಗೂ ತಂದೆತಾಯಿಗೂ ನಡುವೆ ಎತ್ತಿಟ್ಟ ಮಾತುಗಳು ಬೇಕಾದಷ್ಟಿರುತ್ತವೆ. ನಮ್ಮಲ್ಲಿ ಮೂರು. ಅವಳ ಮದುವೆ, ತೋಟ ಮಾರುವುದು, ನಾವಿಬ್ಬರೂ ಬೆಂಗಳೂರಿಗೆ ಹೋಗುವುದು. ಯಾರಾದರೂ ಒಬ್ಬರು ಊಟದ ಹೊತ್ತಿಗೆ ಎತ್ತಿದರೆ, ಇನ್ನೊಬ್ಬರು ಎದ್ದು ಕೈ ತೊಳೆಯುವುದು ವಾಡಿಕೆ. ಗುಂಡು ಹೊಡೆಯುವ ಹೊತ್ತಿನಲ್ಲಿ ಇಂಥ ಮಾತಿಗೆ ಆಸ್ಪದವಿಲ್ಲ. ತೋಟಾ ತುಂಬಿದ ಕೋವಿ ಹಿಡಿದವರನ್ನು, ಪಾಠದ ಮಾತಿನ ಹೊರತು, ಮಾತನಾಡಿಸಬಾರದು ಎಂಬುದು ನಮ್ಮ ಬಯಲಲ್ಲೂ ನಿಯಮ, ಅವರ ಕೋಣೆಯಲ್ಲೂ ನಿಯಮ. ಹೊಡೆದು, ಖಾಲಿ ಮಾಡಿ, ಕೆಳಗಿಟ್ಟ ಮೇಲೆ ಮನಸ್ಸೂ ಅಷ್ಟೊತ್ತಿಗೆ ಸ್ವಲ್ಪ ಖಾಲಿಯಾಗಿರುತ್ತದೆ. ಅಂಥ ಒಂದು ಹೊತ್ತಿನಲ್ಲೇ ಅವಳು, ನಾನು ಕೇಳದೆಯೇ, "ತೋಟ ಈಗಲೇ ಮಾರಬೇಡಿ ಅಪ್ಪ" ಎಂದಳು. "ಯಾಕೆ?" ಎಂದೆ. "ಹಬ್ಬಕ್ಕೆ ಬರಲು ಒಂದು ಜಾಗ ಬೇಕಲ್ಲ" ಎಂದಳು. ನಾನು ಮದುವೆಯ ಮಾತು ಎತ್ತಿದೆ. ಅವಳ ಮುಖ ನೋಡಿದೆ. ಇಳಿಸಿದೆ.

ನಮ್ಮ ನಾಡಿನ ಒಳ್ಳೆಯ ಗುರಿಕಾರರ ಹಿಂದೆ ಒಬ್ಬ ತಂದೆ ನಿಂತಿರುವುದು ಹೊಸದೇನಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇದೇ ಹತ್ತು ಮೀಟರ್ ಏರ್‌ರೈಫಲ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾಗೆ ಅವರ ತಂದೆ ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟಿದ್ದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಐವತ್ತು ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಕೆಲಸ ಮಾಡಿ ಬಂದ ಎಂಜಿನಿಯರ್. ಅವರ ತಂದೆ ಪಾಪಣ್ಣ ತಾವೇ ಶೂಟರ್, ಮಗನಿಗೆ ಕೋಚ್ ಕೂಡ. ಇದನ್ನೆಲ್ಲ ಉತ್ಸಾಹದಿಂದ ಮನೆಯಲ್ಲಿ ಹೇಳಿದೆ. "ನೀವು ಮಗಳಿಗೆ ಏನು ಕಟ್ಟಿಸಿಕೊಟ್ಟಿರಿ?" ಎಂದಳು ಹೆಂಡತಿ. ಕಾಫಿ ಒಣಗಿಸುವ ಕಣ ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

ಕಳೆದ ಕೈಲ್‌ಪೊಳ್ದಿಗೆ ಮಗಳು ಬಂದಳು. ಈಗ ಊರೂರಿನ ಸ್ಪರ್ಧೆಗಳಲ್ಲಿ ಹೆಂಗಸರಿಗೂ ವಿಭಾಗವಿದೆ. ಏರ್‌ಗನ್ನಿಗೆ ತೆಂಗಿನಕಾಯಿ ಜಗ್ಗದು ಎಂದು ಮೊಟ್ಟೆ ಇಡುವ ಪದ್ಧತಿಯೂ ಉಂಟು. ಮೊಟ್ಟೆಯನ್ನು ಅವಳು ಮೊದಲ ಗುಂಡಿಗೇ ಒಡೆದಳು. ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆದವಳಿಗೆ ಮೊಟ್ಟೆ ಒಂದು ಬೆಟ್ಟ. ಹನ್ನೆರಡು ಬೋರಿನ ಕೋವಿಯೊಂದಿಗೆ ತೆಂಗಿನಕಾಯಿಯ ಮುಂದೆ ನಿಂತಾಗ ಮಾತ್ರ ವಿಜ್ಞಾನ ಸ್ವಲ್ಪ ಹಿಂದೆ ಸರಿಯಿತು. ಏರ್‌ರೈಫಲ್ ಒದೆಯುವುದಿಲ್ಲ. ಇದು ಒದೆಯುತ್ತದೆ. ಕಾಯಿ ತೂಗುತ್ತಲೇ ಉಳಿಯಿತು. ಅವಳು ಭುಜ ಸವರಿಕೊಂಡು ನನ್ನ ಕಡೆ ನೋಡಿದಳು. ಎಷ್ಟೋ ವರ್ಷದ ಮೇಲೆ ನನಗೆ ಮತ್ತೆ ಕೆಲಸ ಸಿಕ್ಕಿತು. "ಹೆಗಲಿಗೆ ಬಿಗಿಯಾಗಿ ಒತ್ತು" ಎಂದೆ. "ಹ್ಞೂಂ" ಎಂದಳು, ತುಟಿ ಬಿಚ್ಚದೆ. ನನ್ನ ಸರದಿ ಬಂದಾಗ ಅವಳು ಬೆನ್ನ ಹಿಂದೆ ನಿಂತು, ಗುಂಡು ಕಾಯಿಯ ಎಡಕ್ಕೆ ಹೋಯಿತೋ ಬಲಕ್ಕೋ ಎಂದು ವರದಿ ಒಪ್ಪಿಸಿದಳು. ದಶಾಂಶ ಮಾತ್ರ ಹೇಳಲಿಲ್ಲ, ಪುಣ್ಯ.

ಮನೆಗೆ ಬಂದು ಕೋವಿಗೆ ಎಣ್ಣೆ ಸವರುತ್ತಿದ್ದಾಗ ಅವಳು ಕೇಳಿದಳು: "ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸ್ತಾರಲ್ಲ ಅಪ್ಪ, ನಾನು ಹುಟ್ಟಿದಾಗ?"

"ಹಾರಿಸಲಿಲ್ಲ. ಪದ್ಧತಿ ಇರಲಿಲ್ಲ."

"ಹಾಗಾದರೆ ಒಂದು ಬಾಕಿ ಇದೆ" ಎಂದು ಲೆಕ್ಕ ಬರೆದುಕೊಂಡಳು. ಇವತ್ತು ಮರದ ಕಡೆ ಹೋದದ್ದೆಲ್ಲ ಬರೀ ಬಡ್ಡಿಯಂತೆ, ಅಸಲು ತೀರಬೇಕಾದರೆ ಕಾಯಿ ಒಡೆಯಬೇಕಂತೆ.

ಲೆಕ್ಕದ ಮಾತು ಬಂದಿತಲ್ಲ ಎಂದು ನಾನೂ ಬಾಯಿ ತೆರೆದೆ. ನಮ್ಮಲ್ಲಿ ಸಾವಿಗೆ ಎರಡು ಗುಂಡು. ಆ ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಬರುತ್ತಾರೆ. "ನನ್ನ ಕಾಲ ಬಂದಾಗ ಆ ಎರಡನ್ನೂ ನೀನೇ ಹೊಡೆಯಬೇಕು. ಆಕಾಶಕ್ಕೆ ಹೊಡೆಯುವುದು, ಗುರಿ ತಪ್ಪುವ ಭಯವಿಲ್ಲ" ಎಂದೆ.

ಅವಳು ನನ್ನ ಕೈಯಿಂದ ಎಣ್ಣೆಬಟ್ಟೆ ಕಿತ್ತುಕೊಂಡಳು.

"ಇಳಿಸಿ ಅಪ್ಪ. ಹಿಡಿದದ್ದು ಜಾಸ್ತಿ ಹೊತ್ತಾಯಿತು."

ಇಳಿಸಿದೆ. ಇಳಿಸುವಾಗ, ತೋಟಾ ಇನ್ನೂ ಒಳಗೇ ಇದೆ ಎಂದು ಮಾತ್ರ ಹೇಳಿದೆ. ಸುರಕ್ಷತೆಯ ನಿಯಮ ಅವಳಿಗೆ ಕಲಿಸಿದವನು ನಾನೇ ತಾನೇ?